ಕಾಲು ವಾಸಿಯಾಗಿದೆ, ರನ್ ಯಾಕೆ ಬರುತ್ತಿಲ್ಲ?

ಪ್ರಶ್ನೆ: ಸರ್, ನಮ್ಮದು ಕುಮಟಾ. ನನ್ನ ತಮ್ಮನಿಗೆ 24 ವರ್ಷ. ಹೊನ್ನಾವರದಿಂದ ಕಾರವಾರದವರೆಗೆ ಟೆನಿಸ್ ಬಾಲ್ ಟೂರ್ನಿಗಳಲ್ಲಿ ಹೆಸರು ಮಾಡಿದ ಓಪನರ್. ಬಲಗೈ ಬ್ಯಾಟ್ಸ್‌ಮನ್. ಹುಬ್ಬಳ್ಳಿಯ ಒಂದು ಕ್ಲಬ್ಬಿಗೆ ಲೆದರ್ ಬಾಲ್ ಲೀಗ್ ಕೂಡ ಆಡುತ್ತಾನೆ. ಕಳೆದ ಏಪ್ರಿಲ್‌ನಲ್ಲಿ ರಾತ್ರಿ ಪಂದ್ಯವೊಂದರಲ್ಲಿ ಎರಡನೇ ರನ್‌ಗೆ ಓಡುವಾಗ ಎಡತೊಡೆಯ ಹಿಂದಿನ ಸ್ನಾಯು ಹರಿಯಿತು. ಮಳೆಗಾಲ ಪೂರ್ತಿ ವಿಶ್ರಾಂತಿ ತೆಗೆದುಕೊಂಡ. ಈಗ ನೋವಿಲ್ಲ, ಆಡಬಹುದು ಅಂತ ಡಾಕ್ಟರ್ ಹೇಳಿದ್ದಾರೆ. ಆದರೆ ನವೆಂಬರ್‌ನಿಂದ ರನ್ನೇ ಇಲ್ಲ. ಊರಲ್ಲಿ ಕೆಲವರು 'ಅವನ ಕಥೆ ಮುಗೀತು' ಅಂತಾರೆ, ಇನ್ನು ಕೆಲವರು 'ಹೆದರಿಕೊಂಡಿದ್ದಾನೆ' ಅಂತಾರೆ. ಕೆ.ಎಲ್. ರಾಹುಲ್ ಆಪರೇಷನ್ ಮಾಡಿಸಿಕೊಂಡು ಬಂದು ಮೊದಲ ಪಂದ್ಯದಲ್ಲೇ ಪಾಕಿಸ್ತಾನದ ವಿರುದ್ಧ ಶತಕ ಹೊಡೆದರಲ್ಲ, ಇವನಿಗೆ ಯಾಕೆ ಆಗುತ್ತಿಲ್ಲ? ಜನವರಿಯ ಟೂರ್ನಿಗೆ ಒಂದು ತಂಡ ಹರಾಜಿನಲ್ಲಿ ಅವನನ್ನು ತೆಗೆದುಕೊಂಡಿದೆ. ಆಡಲಿ ಅನ್ನಬೇಕಾ, ಬೇಡ ಅನ್ನಬೇಕಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ, ಯಾಕೆಂದರೆ ಜನವರಿ ಹತ್ತಿರ ಬಂತು. ಈ ಸೀಸನ್ನಿನ ಹೊನಲು ಬೆಳಕಿನ ಟೆನಿಸ್ ಬಾಲ್ ಟೂರ್ನಿಗಳು ಅವನಿಗೆ ಬೇಡ. ಲೆದರ್ ಬಾಲ್ ಲೀಗ್ ಆಡಲಿ. ಔಟಾದರೂ ಸರಿ, ಬಿಡದೆ ಆಡಲಿ. ಹರಾಜಿನಲ್ಲಿ ತೆಗೆದುಕೊಂಡ ತಂಡದವರಿಗೆ ಈಗಲೇ ಹೇಳಿಬಿಡಿ, ಅವರಿಗೂ ಬೇರೆ ಓಪನರ್ ಹುಡುಕಿಕೊಳ್ಳಲು ಸಮಯ ಬೇಕು.

ಇನ್ನು ರಾಹುಲ್ ವಿಷಯ. ನೀವು ಹೇಳಿದ ಪಂದ್ಯ 2023ರ ಸೆಪ್ಟೆಂಬರ್‌ನಲ್ಲಿ ಕೊಲಂಬೊದಲ್ಲಿ ನಡೆದ ಏಷ್ಯಾ ಕಪ್ ಪಂದ್ಯ. 106 ಎಸೆತಗಳಲ್ಲಿ ಔಟಾಗದೆ 111. ಶ್ರೇಯಸ್ ಅಯ್ಯರ್‌ಗೆ ಬೆನ್ನು ಹಿಡಿದುಕೊಂಡಿತು ಅಂತ ಕೊನೇ ಗಳಿಗೆಯಲ್ಲಿ ರಾಹುಲ್ ತಂಡಕ್ಕೆ ಬಂದಿದ್ದರು. ಆ ಆಟ ನೋಡಿದವರಿಗೆಲ್ಲ ಗಾಯದಿಂದ ಎದ್ದು ಬರುವುದು ಅಂದರೆ ಹೀಗೇ ಇರಬೇಕು ಅನ್ನಿಸಿದೆ. ಆದರೆ ಅದೇ ರಾಹುಲ್ ಒಂದು ವರ್ಷ ಮೊದಲು ಇನ್ನೊಂದು ಆಪರೇಷನ್ ಮುಗಿಸಿ ಬಂದಿದ್ದರು. ಅದನ್ನು ಯಾರೂ ನೆನಪಿಸಿಕೊಳ್ಳುವುದಿಲ್ಲ. 2022ರ ಜೂನ್‌ನಲ್ಲಿ ತೊಡೆಸಂದಿನ ಗಾಯ, ಜರ್ಮನಿಯಲ್ಲಿ ಆಪರೇಷನ್, ಚೇತರಿಸಿಕೊಳ್ಳುವಷ್ಟರಲ್ಲಿ ಕೋವಿಡ್. ಆಗಸ್ಟ್‌ನಲ್ಲಿ ಜಿಂಬಾಬ್ವೆಯಲ್ಲಿ ವಾಪಸ್ ಆಡಿದಾಗ ಬ್ಯಾಟಿಂಗ್ ಸಿಕ್ಕ ಎರಡು ಪಂದ್ಯಗಳಲ್ಲಿ 1 ಮತ್ತು 30. ಆ ವರ್ಷದ ಏಷ್ಯಾ ಕಪ್‌ನಲ್ಲಿ ಇದೇ ಪಾಕಿಸ್ತಾನದ ವಿರುದ್ಧ ಮೊದಲ ಎಸೆತಕ್ಕೇ ಬೌಲ್ಡ್. ಹಾಂಗ್‌ಕಾಂಗ್ ವಿರುದ್ಧ 39 ಎಸೆತಕ್ಕೆ 36. ಟಿ20 ವಿಶ್ವಕಪ್‌ನ ಆರು ಪಂದ್ಯಗಳಲ್ಲಿ ಒಟ್ಟು 128 ರನ್. 2023ರ ಫೆಬ್ರವರಿಯಲ್ಲಿ ಉಪನಾಯಕನ ಪಟ್ಟ ಹೋಯಿತು, ಅದರ ಬೆನ್ನಿಗೇ ಟೆಸ್ಟ್ ತಂಡದ ಹನ್ನೊಂದರಲ್ಲಿ ಜಾಗವೂ ಹೋಯಿತು. ಆಗಲೂ ಜನ 'ಮುಗೀತು' ಅಂದರು.

ಆಟಗಾರ ಒಬ್ಬನೇ, ವಾಪಸ್ ಬಂದದ್ದು ಎರಡು ಸಲ. ಮೊದಲ ಸಲ ಕೈಕೊಟ್ಟಿತು, ಎರಡನೇ ಸಲ ಕೈಹಿಡಿಯಿತು. ನನ್ನ ಪ್ರಕಾರ ದೊಡ್ಡ ವ್ಯತ್ಯಾಸ ಎರಡು. ಒಂದು, ಸಿಕ್ಕ ಸಮಯ. 2023ರ ಮೇ 1ರಂದು ಲಖನೌದಲ್ಲಿ ಬೌಂಡರಿ ಕಡೆ ಚೆಂಡು ಅಟ್ಟಿಸಿಕೊಂಡು ಓಡುವಾಗ ತೊಡೆಗೆ ಪೆಟ್ಟಾಯಿತು. ವಿಶ್ವ ಟೆಸ್ಟ್ ಚಾಂಪಿಯನ್‌ಷಿಪ್ ಫೈನಲ್ ಕೂಡ ಬಿಟ್ಟರು. ಆಪರೇಷನ್ ಆದ ಮೇಲೆ ಬೆಂಗಳೂರಿನ ಎನ್‌ಸಿಎಯಲ್ಲಿ (ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿ) ಉಳಿದರು, ಅಲ್ಲೇ ಅಭ್ಯಾಸ ಪಂದ್ಯ ಆಡಿದರು. ಸ್ವಲ್ಪ ನೋವು ಕಾಣಿಸಿತು ಅಂತ ಏಷ್ಯಾ ಕಪ್‌ನ ಮೊದಲ ಎರಡು ಪಂದ್ಯಗಳನ್ನೂ ಬಿಟ್ಟರು. ನಾಲ್ಕು ತಿಂಗಳ ಮೇಲಾಯಿತು. ಎರಡನೆಯದು ಇನ್ನೂ ಮುಖ್ಯ. 2022ರಲ್ಲಿ ಅವರು ಹೆಚ್ಚಾಗಿ ಟಿ20ಯ ಓಪನರ್. ಹೊಸ ಚೆಂಡು, ಆರು ಓವರ್ ಪವರ್ ಪ್ಲೇ, ಕೂಡಲೇ ಹೊಡೆಯಬೇಕು. 2023ರ ಆ ಪಂದ್ಯದಲ್ಲಿ ಅವರು ಇಳಿದದ್ದು ನಾಲ್ಕನೇ ಕ್ರಮಾಂಕದಲ್ಲಿ. ರೋಹಿತ್ ಮತ್ತು ಗಿಲ್ ಮೊದಲ ವಿಕೆಟ್‌ಗೆ 121 ಸೇರಿಸಿ ಹೋಗಿದ್ದರು. 50 ಓವರ್ ಆಟ, ಕಾಲೂರಲು ಸಮಯ ಇತ್ತು. ಅದೇ ವರ್ಷದ ವಿಶ್ವಕಪ್‌ನಲ್ಲಿ ಮಧ್ಯಮ ಕ್ರಮಾಂಕದಲ್ಲೇ ಆಡಿ 452 ರನ್ ಮಾಡಿದರು.

ನಿಮ್ಮ ತಮ್ಮ ಈಗ ಇರುವುದು 2022ರ ರಾಹುಲ್ ಇದ್ದ ಜಾಗದಲ್ಲಿ. ನೀವು ಹೋಲಿಸುತ್ತಿರುವುದು 2023ರ ರಾಹುಲ್ ಜೊತೆ.

ಹಾಗಾದರೆ ನೋವಿಲ್ಲದ ಕಾಲಿಗೂ ಬಾರದ ರನ್ನಿಗೂ ಏನು ಸಂಬಂಧ? ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ 'ಹೆದರಿಕೊಂಡಿದ್ದಾನೆ' ಅನ್ನುವ ಮಾತು ಹುಟ್ಟುವುದೇ ಇಲ್ಲಿ.

ತೊಡೆಯ ಹಿಂದಿನ ಸ್ನಾಯುವನ್ನು ಎಲ್ಲರೂ ಹ್ಯಾಮ್‌ಸ್ಟ್ರಿಂಗ್ ಅಂತಲೇ ಕರೆಯುತ್ತಾರೆ. ಅದು ಒಮ್ಮೆ ಹರಿದರೆ ಮಿದುಳು ಆ ಭಾಗವನ್ನು ಕಾಯಲು ಶುರು ಮಾಡುತ್ತದೆ. ನೋವು ಹೋದ ಮೇಲೂ ಆ ಕಾವಲು ನಿಲ್ಲುವುದಿಲ್ಲ. ಮುಖ್ಯವಾಗಿ ಸ್ನಾಯು ಉದ್ದಕ್ಕೆ ಚಾಚಿಕೊಂಡಾಗ ಅದಕ್ಕೆ ಪೂರ್ತಿ ಬಲ ಹಾಕಲು ಮಿದುಳು ಬಿಡುವುದಿಲ್ಲ. ಮಂಚದ ಮೇಲೆ ಮಲಗಿಸಿ ಕಾಲು ಎತ್ತಿ ನೋಡಿದರೆ ಎಲ್ಲ ಸರಿ ಇರುತ್ತದೆ. ಜೋರಾಗಿ ಓಡುವಾಗ, ಕಾಲು ಮುಂದಕ್ಕೆ ಚಾಚುವಾಗ ಮಾತ್ರ ಕೊರತೆ ಕಾಣುತ್ತದೆ. ಇದನ್ನು ಆಟಗಾರ ಬೇಕಂತ ಮಾಡುವುದಿಲ್ಲ, ಎಷ್ಟೋ ಸಲ ಅವನಿಗೆ ಗೊತ್ತೂ ಆಗುವುದಿಲ್ಲ. ಹೆದರಿಕೆ ಅಂತ ಹೆಸರಿಟ್ಟು ಹುಡುಗನನ್ನು ನೋಯಿಸುವುದು ಅನ್ಯಾಯ.

ನಿಮ್ಮ ತಮ್ಮ ಬಲಗೈ ಬ್ಯಾಟ್ಸ್‌ಮನ್, ಹರಿದದ್ದು ಎಡತೊಡೆ. ಅಂದರೆ ಅವನ ಮುಂಗಾಲು. ಮುಂದೆ ಕಾಲಿಟ್ಟು ಡ್ರೈವ್ ಮಾಡುವಾಗ ದೇಹ ಏನು ಮಾಡುತ್ತದೆ ನೋಡಿ. ಎಡಗಾಲು ಚಾಚುತ್ತದೆ, ಸೊಂಟ ಬಾಗುತ್ತದೆ, ತಲೆ ಚೆಂಡಿನ ಮೇಲೆ ಬರುತ್ತದೆ. ಆಗ ಎಡತೊಡೆಯ ಹಿಂಭಾಗ ಪೂರ್ತಿ ಎಳೆದುಕೊಳ್ಳುತ್ತದೆ. ಮಿದುಳು ಬೇಡ ಅನ್ನುವುದು ಇದನ್ನೇ. ಆದ್ದರಿಂದ ಹೆಜ್ಜೆ ಒಂದು ಗೇಣು ಕಡಿಮೆಯಾಗುತ್ತದೆ. ಅಷ್ಟೇ ಸಾಕು. ಮೊದಲು ಹಾಫ್ ವಾಲಿ ಮಾಡಿಕೊಂಡು, ಅಂದರೆ ಪುಟಿದ ಕೂಡಲೇ ಬ್ಯಾಟಿಗೆ ಸಿಗುವಂತೆ ಮಾಡಿಕೊಂಡು, ಕವರ್ಸ್ ಕಡೆ ಹೊಡೆಯುತ್ತಿದ್ದ ಚೆಂಡು ಈಗ ಗುಡ್ ಲೆಂಗ್ತ್, ಅಂದರೆ ಮುಂದೆ ಹೋಗಬೇಕೋ ಹಿಂದೆ ನಿಲ್ಲಬೇಕೋ ತಿಳಿಯದ ಚೆಂಡು ಆಗಿಬಿಡುತ್ತದೆ. ಕಾಲು ಚೆಂಡಿನ ಹತ್ತಿರ ಹೋಗಲಿಲ್ಲ ಅಂದರೆ ಕೈ ಹೋಗುತ್ತದೆ, ಬ್ಯಾಟ್ ಮೈಯಿಂದ ದೂರ ಸರಿಯುತ್ತದೆ, ಅಂಚು ತಗುಲಿ ಕೀಪರ್ ಕೈಗೆ. ಇಲ್ಲವೇ ಎಡಗಾಲಿನ ಮೇಲೆ ಭಾರ ಹಾಕಲಾಗದೆ ತಲೆ ಆಫ್ ಸೈಡ್ ಕಡೆ ವಾಲುತ್ತದೆ, ನೇರ ಚೆಂಡಿಗೆ ಎಲ್‌ಬಿಡಬ್ಲ್ಯು.

ಅವನು ಯಾವ ರೀತಿ ಔಟಾಗುತ್ತಿದ್ದಾನೆ ಅಂತ ನೀವು ಬರೆದಿಲ್ಲ. ಅದನ್ನೇ ಮೊದಲು ಬರೆದಿಡಿ. ರನ್ ಎಷ್ಟು ಅನ್ನುವುದಕ್ಕಿಂತ ಔಟಾದ ರೀತಿ ಜಾಸ್ತಿ ಹೇಳುತ್ತದೆ. ಕೀಪರ್ ಕ್ಯಾಚ್, ಸ್ಲಿಪ್ ಕ್ಯಾಚ್, ಎಲ್‌ಬಿಡಬ್ಲ್ಯು ಇವೇ ಸಾಲಾಗಿ ಬರುತ್ತಿದ್ದರೆ ಕಾರಣ ಕಾಲಿನಲ್ಲಿದೆ. ಬೌಂಡರಿ ಹತ್ತಿರ ಕ್ಯಾಚ್ ಹೋಗುತ್ತಿದ್ದರೆ ಕಾರಣ ಬೇರೆ, ಹೆಚ್ಚಾಗಿ ಅವಸರ.

ಆ ಅವಸರಕ್ಕೂ ಗಾಯದ ಜೊತೆ ನಂಟಿದೆ. ಅವನಿಗೆ ಪೆಟ್ಟಾದದ್ದೇ ಎರಡನೇ ರನ್ ಓಡುವಾಗ. ಈಗ ಎರಡು ರನ್ ಇರುವ ಕಡೆ ಒಂದೇ ಓಡುತ್ತಾನೆ. ಕಷ್ಟದ ಸಿಂಗಲ್ ಬಿಡುತ್ತಾನೆ. ಸ್ಕೋರ್ ನಿಂತಲ್ಲೇ ನಿಲ್ಲುತ್ತದೆ, ನಾಲ್ಕೈದು ಡಾಟ್ ಬಾಲ್ ಆಗುತ್ತವೆ, ಹೊರಗಿಂದ ಕೂಗು ಶುರುವಾಗುತ್ತದೆ. ಆಗ ಹೊಡೆಯಬಾರದ ಚೆಂಡಿಗೆ ಬ್ಯಾಟ್ ಬೀಸುತ್ತಾನೆ. ಸ್ಕೋರ್ ಶೀಟಿನಲ್ಲಿ ಕೆಟ್ಟ ಶಾಟ್ ಅಂತ ಕಾಣುವುದು ನಿಜವಾಗಿ ಶುರುವಾದದ್ದು ಓಡದೇ ಬಿಟ್ಟ ರನ್ನಿನಿಂದ.

ಇಷ್ಟು ದೇಹದ ವಿಷಯ. ಕಣ್ಣಿನದ್ದೂ ಒಂದಿದೆ. ಗಂಟೆಗೆ 140 ಕಿ.ಮೀ. ವೇಗದ ಚೆಂಡು ಬೌಲರ್ ಕೈಯಿಂದ ಬ್ಯಾಟಿಗೆ ಬರಲು ಅರ್ಧ ಸೆಕೆಂಡೂ ಬೇಕಿಲ್ಲ. ನಮ್ಮ ಲೀಗ್ ಬೌಲರ್‌ಗಳ ವೇಗ ಅಷ್ಟಿಲ್ಲ, ಆದರೂ ನೋಡಿ ಯೋಚಿಸಿ ಆಡುವಷ್ಟು ಸಮಯ ಯಾರಿಗೂ ಇರುವುದಿಲ್ಲ. ಒಳ್ಳೆಯ ಬ್ಯಾಟ್ಸ್‌ಮನ್ ಚೆಂಡು ಬಿಡುವ ಮೊದಲೇ ಬೌಲರ್‌ನ ಓಟ, ಭುಜ, ಮಣಿಕಟ್ಟು ನೋಡಿ ಅರ್ಧ ಉತ್ತರ ಕಂಡುಕೊಂಡಿರುತ್ತಾನೆ. ಇದು ಆಡುತ್ತಾ ಆಡುತ್ತಾ ಬರುವ ವಿದ್ಯೆ, ತಿಂಗಳುಗಟ್ಟಲೆ ಬಿಟ್ಟರೆ ಮಬ್ಬಾಗುತ್ತದೆ. ನಿಮ್ಮ ತಮ್ಮ ಏಪ್ರಿಲ್‌ನಿಂದ ನವೆಂಬರ್‌ವರೆಗೆ ಒಬ್ಬ ಬೌಲರನ್ನೂ ಎದುರಿಸಿಲ್ಲ ಅಂತ ಕಾಣುತ್ತದೆ. ಅವನ ಟೈಮಿಂಗ್ ಹೋಗದೇ ಇದ್ದಿದ್ದರೆ ಆಶ್ಚರ್ಯಪಡಬೇಕಿತ್ತು.

ಇಲ್ಲಿ ನಿಮ್ಮ ಊರಿನವರದೇ ಹೆಸರು ಹೇಳಬೇಕು. ಭಾರತ ತಂಡಕ್ಕೆ ಥ್ರೋಡೌನ್ ಕೊಡುವ, ಅಂದರೆ ಅಭ್ಯಾಸಕ್ಕೆ ಚೆಂಡು ಎಸೆದುಕೊಡುವ ರಾಘವೇಂದ್ರ, ಎಲ್ಲರ ಬಾಯಲ್ಲಿ ರಘು, ಕುಮಟಾದವರೇ. ಸೈಡ್‌ಆರ್ಮ್ ಸ್ಟಿಕ್‌ನಿಂದ (ತುದಿಯಲ್ಲಿ ಚೆಂಡು ಸಿಕ್ಕಿಸಿ ಎಸೆಯುವ ಕೋಲು) ಅವರು ಎಸೆಯುವ ವೇಗದ ಚೆಂಡು ಆಡಿ ಆಡಿಯೇ ವೇಗದ ಬೌಲಿಂಗ್ ಎದುರು ಸುಧಾರಿಸಿದೆ ಅಂತ ವಿರಾಟ್ ಕೊಹ್ಲಿ ಬಹಿರಂಗವಾಗಿ ಹೇಳಿದ್ದಾರೆ. ತೆರೆಯ ಹಿಂದಿನ ಕೆಲಸಕ್ಕೆ ಅಷ್ಟು ಬೆಲೆ ಸಿಕ್ಕಿದ್ದು ನಮ್ಮ ಜಿಲ್ಲೆಗೇ ಹೆಮ್ಮೆ. ನಿಮ್ಮ ತಮ್ಮನಿಗೂ ಸೈಡ್‌ಆರ್ಮ್ ಸ್ಟಿಕ್ ಒಂದು ತೆಗೆದುಕೊಡಿ, ಗೆಳೆಯನೊಬ್ಬ ಎಸೆಯಲು ಕಲಿಯಲಿ. ಹೆಜ್ಜೆ ಸರಿಪಡಿಸಿಕೊಳ್ಳಲು, ಕಣ್ಣನ್ನು ವೇಗಕ್ಕೆ ಒಗ್ಗಿಸಿಕೊಳ್ಳಲು ಅದು ತುಂಬಾ ಒಳ್ಳೆಯದು. ಆದರೆ ಅಲ್ಲಿ ಬೌಲರ್‌ನ ಓಟ ಇಲ್ಲ. ಓಡಿ ಬಂದು ಬೌಲ್ ಮಾಡುವವರ ಎದುರಿನ ಅಭ್ಯಾಸ ಅದರ ಜೊತೆಗೇ ನಡೆಯಬೇಕು.

ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಇನ್ನೊಂದು ತೊಡಕಿದೆ, ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೈದಾನವೇ ಇರುವುದಿಲ್ಲ. ಶಿರಸಿಯಲ್ಲೂ ಅಷ್ಟೇ, ಕಾರವಾರದಲ್ಲೂ ಅಷ್ಟೇ. ಗಾಯಗೊಂಡ ಹುಡುಗ ಮನೆಯಲ್ಲಿ ಕೂರುತ್ತಾನೆ, ದಿನ ಕಳೆದಂತೆ ನೋವು ಹೋಗುತ್ತದೆ, ಮಳೆ ನಿಂತಾಗ ವಾಸಿಯಾಯ್ತು ಅಂದುಕೊಳ್ಳುತ್ತಾನೆ. ಆ ತಿಂಗಳುಗಳಲ್ಲಿ ಸ್ನಾಯುವಿಗೆ ಕೆಲಸವೇ ಕೊಟ್ಟಿಲ್ಲ ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ. ನೀವು 'ಮಳೆಗಾಲ ಪೂರ್ತಿ ವಿಶ್ರಾಂತಿ' ಅಂತ ಬರೆದ ಸಾಲು ಓದಿ ನನಗೆ ಬೇಸರವಾಯಿತು. ಹ್ಯಾಮ್‌ಸ್ಟ್ರಿಂಗ್‌ಗೆ ಮೊದಲ ಕೆಲವು ದಿನ ವಿಶ್ರಾಂತಿ ಬೇಕು. ಆಮೇಲೆ ಬೇಕಾದ್ದು ಹಂತ ಹಂತವಾಗಿ ಹೆಚ್ಚುವ ಕೆಲಸ, ಅದನ್ನು ಮನೆಯ ಜಗುಲಿಯಲ್ಲೇ ಮಾಡಬಹುದಿತ್ತು. ನಿಮ್ಮನ್ನು ದೂರುತ್ತಿಲ್ಲ. ನಮ್ಮ ಜಿಲ್ಲೆಯಲ್ಲಿ ಇದನ್ನು ಹೇಳಿಕೊಡುವವರೇ ಕಡಿಮೆ. ಸ್ವಲ್ಪ ದೊಡ್ಡ ತೊಂದರೆಯಾದರೂ ಹುಬ್ಬಳ್ಳಿ, ಮಣಿಪಾಲ ಇಲ್ಲವೇ ಗೋವಾಕ್ಕೆ ಓಡಬೇಕು. ಒಂದು ಸಲ ಹೋಗಿ ಬಂದವರು ವಾರವಾರವೂ ಹೋಗಲು ಆಗುತ್ತದಾ?

ಇನ್ನೊಂದು ವಿಷಯ, ಬೀಚ್. 'ಕಡಲ ಮರಳಿನಲ್ಲಿ ಓಡು, ಕಾಲು ಗಟ್ಟಿಯಾಗುತ್ತೆ' ಅಂತ ಎಲ್ಲರೂ ಹೇಳುತ್ತಾರೆ. ಮೀನಖಂಡ ಗಟ್ಟಿಯಾಗಲು ಅದು ಸರಿ. ಆದರೆ ಮೆತ್ತನೆಯ ಮರಳಿನಲ್ಲಿ ಎಷ್ಟೇ ಜೋರು ಮಾಡಿದರೂ ಪೂರ್ತಿ ವೇಗ ಸಿಗುವುದಿಲ್ಲ. ಹ್ಯಾಮ್‌ಸ್ಟ್ರಿಂಗ್ ಹರಿಯುವುದು ಸಾಮಾನ್ಯವಾಗಿ ಪೂರ್ತಿ ವೇಗದಲ್ಲಿ, ಕಾಲು ಮುಂದೆ ಹೋಗಿ ನೆಲ ಮುಟ್ಟುವುದಕ್ಕೆ ಸ್ವಲ್ಪ ಮೊದಲು. ಆ ವೇಗವನ್ನು ಅಭ್ಯಾಸದಲ್ಲಿ ಒಮ್ಮೆಯೂ ಮುಟ್ಟದೆ, ಪಂದ್ಯದಲ್ಲಿ ಮೊದಲ ಬಾರಿ ಮುಟ್ಟಿದರೆ ಮತ್ತೆ ಹರಿಯಬಹುದು. ಅಲೆ ಬಡಿದು ಗಟ್ಟಿಯಾದ ಅಂಚಿನಲ್ಲಿ ಓಡಿದರೆ ನೆಲ ಸಮುದ್ರದ ಕಡೆ ಇಳಿಜಾರು, ಒಂದು ಕಾಲಿಗೆ ಜಾಸ್ತಿ ಭಾರ. ಹಾಗಾಗಿ ಬೀಚ್ ವಾರ್ಮ್ ಅಪ್‌ಗೆ ಇರಲಿ. ವೇಗದ ಓಟಕ್ಕೆ ಗಟ್ಟಿ ಸಮತಟ್ಟಾದ ಮೈದಾನ ಬೇಕು. ನಿಮಗೆ ಮಣಕಿ ಮೈದಾನ ಹತ್ತಿರವೇ ಇದೆ.

ರಾತ್ರಿ ಟೂರ್ನಿ ಬೇಡ ಅಂದದ್ದು ಯಾಕೆ ಅಂತ ಈಗ ಹೇಳುತ್ತೇನೆ. ಟೆನಿಸ್ ಬಾಲ್ ಆಟದ ಬಗ್ಗೆ ನನಗೆ ತಾತ್ಸಾರ ಇಲ್ಲ, ನಮ್ಮ ಜಿಲ್ಲೆಯ ಕ್ರಿಕೆಟ್ ಉಳಿದಿರುವುದೇ ಅದರಿಂದ. ಆದರೆ ಈಗ ಅದು ಅವನ ರೋಗಕ್ಕೆ ತಕ್ಕ ಮದ್ದಲ್ಲ. ಆರೆಂಟು ಓವರ್ ಪಂದ್ಯದಲ್ಲಿ ಓಪನರ್‌ಗೆ ಸಿಗುವುದು ಹತ್ತು ಹದಿನೈದು ಚೆಂಡು. ಟೆನಿಸ್ ಬಾಲ್ ಎತ್ತರಕ್ಕೆ ಪುಟಿಯುತ್ತದೆ. ಕ್ರೀಸಿನಲ್ಲೇ ನಿಂತು, ಮುಂಗಾಲು ಪಕ್ಕಕ್ಕೆ ಸರಿಸಿ ಬೀಸಿದರೆ ಸಿಕ್ಸರ್. ಅಂದರೆ ಅವನು ಬಿಡಬೇಕಾದ ಗಿಡ್ಡ ಹೆಜ್ಜೆಯೇ ಅಲ್ಲಿ ಲಾಭ ಕೊಡುತ್ತದೆ! ಎರಡು ಸಿಕ್ಸರ್ ಹೊಡೆದರೆ ಫಾರ್ಮ್ ಬಂತು ಅಂತ ಎಲ್ಲರೂ ಕುಣಿಯುತ್ತಾರೆ, ಮುಂದಿನ ವಾರ ಹುಬ್ಬಳ್ಳಿಯಲ್ಲಿ ಲೆದರ್ ಬಾಲ್ ಎದುರು ಮತ್ತೆ ಕೀಪರ್ ಕ್ಯಾಚ್. ಅಪಾಯವೂ ಇದೆ. ಸಂಜೆ ಒಂದು ಪಂದ್ಯ, ನಡುರಾತ್ರಿ ಇನ್ನೊಂದು, ಗೆದ್ದರೆ ಬೆಳಗಿನ ಜಾವ ಫೈನಲ್. ಮಧ್ಯೆ ಕುರ್ಚಿಯಲ್ಲಿ ಕೂತು ಮೈ ತಣ್ಣಗಾಗಿರುತ್ತದೆ. ಇಬ್ಬನಿಗೆ ನೆಲ ಜಾರುತ್ತದೆ. ಎದ್ದವನೇ ಪೂರ್ತಿ ವೇಗದಲ್ಲಿ ಓಡಬೇಕು. ಒಮ್ಮೆ ಹರಿದ ಹ್ಯಾಮ್‌ಸ್ಟ್ರಿಂಗ್ ಮತ್ತೆ ಹರಿಯುವ ಸಾಧ್ಯತೆ ಹೇಗೂ ಜಾಸ್ತಿ, ಅದೂ ವಾಪಸ್ ಬಂದ ಮೊದಲ ವಾರಗಳಲ್ಲಿ.

'ಕಥೆ ಮುಗೀತು' ಅನ್ನುವವರಿಗೆ ಹೇಳಲು ಎರಡು ಉದಾಹರಣೆ ಇಟ್ಟುಕೊಳ್ಳಿ. ಟೆನಿಸ್ ಎಲ್ಬೋ ಅಂತ ಸಚಿನ್ ತೆಂಡೂಲ್ಕರ್ 2005ರಲ್ಲಿ ಮೊಣಕೈ ಆಪರೇಷನ್ ಮಾಡಿಸಿಕೊಂಡರು. ಆ ಡಿಸೆಂಬರ್‌ನಲ್ಲಿ ದೆಹಲಿಯಲ್ಲಿ 35ನೇ ಟೆಸ್ಟ್ ಶತಕ ಬಂತು. ಮುಂದಿನದು ಬಂದದ್ದು 2007ರ ಮೇ ತಿಂಗಳಲ್ಲಿ, ಚಿತ್ತಗಾಂಗ್‌ನಲ್ಲಿ. ಮಧ್ಯೆ 2006ರಲ್ಲಿ ಇಂಗ್ಲೆಂಡ್ ವಿರುದ್ಧ 21 ಎಸೆತಕ್ಕೆ 1 ರನ್ ಮಾಡಿ ಔಟಾದಾಗ ವಾಂಖೆಡೆಯಲ್ಲಿ ಅವರದೇ ಊರಿನ ಜನ ಮೂದಲಿಸಿದರು. ಅದೇ ವರ್ಷ ಭುಜಕ್ಕೂ ಆಪರೇಷನ್. ಆ ಮನುಷ್ಯ 2010ರಲ್ಲಿ ಒಂದೇ ವರ್ಷ ಏಳು ಟೆಸ್ಟ್ ಶತಕ ಹೊಡೆದರು, ಗ್ವಾಲಿಯರ್‌ನಲ್ಲಿ ಪುರುಷರ ಏಕದಿನ ಕ್ರಿಕೆಟ್‌ನ ಮೊದಲ ದ್ವಿಶತಕ ಹೊಡೆದರು. ನಮ್ಮ ಮೈಸೂರಿನ ಜಾವಗಲ್ ಶ್ರೀನಾಥ್ 1997ರಲ್ಲಿ ಭುಜದ ಗಾಯದಿಂದ ವೆಸ್ಟ್ ಇಂಡೀಸ್ ಪ್ರವಾಸವನ್ನೇ ಕಳೆದುಕೊಂಡರು. ವೇಗದ ಬೌಲರ್‌ಗೆ ಬೌಲಿಂಗ್ ಭುಜ ಹೋದರೆ ಉಳಿಯುವುದೇನು ಅಂತ ಮಾತಾಡಿದ್ದರು. 1999ರ ಫೆಬ್ರವರಿಯಲ್ಲಿ ಈಡನ್ ಗಾರ್ಡನ್ಸ್‌ನಲ್ಲಿ ಪಾಕಿಸ್ತಾನದ ವಿರುದ್ಧ ಒಂದೇ ಟೆಸ್ಟ್‌ನಲ್ಲಿ 132 ರನ್‌ಗೆ 13 ವಿಕೆಟ್ ತೆಗೆದರು. ಹೀಗೆ ಎಲ್ಲರಿಗೂ ಆಗುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ಐದಾರು ಇನ್ನಿಂಗ್ಸ್ ನೋಡಿ ತೀರ್ಪು ಕೊಡುವುದು ತಪ್ಪು. ಬ್ರಾಡ್‌ಮನ್ ಕೂಡ 80 ಟೆಸ್ಟ್ ಇನ್ನಿಂಗ್ಸ್‌ನಲ್ಲಿ 7 ಸಲ ಸೊನ್ನೆಗೆ ಔಟಾಗಿದ್ದಾರೆ.

ಈಗ ಮಾಡಬೇಕಾದ ಕೆಲಸ. ಮೊದಲು ಎರಡು ಕಾಲನ್ನೂ ಹೋಲಿಸಿ ನೋಡಿ. ಬೆನ್ನ ಮೇಲೆ ಮಲಗಿ, ಒಂದು ಹಿಮ್ಮಡಿಯನ್ನು ಕುರ್ಚಿಯ ಮೇಲಿಟ್ಟು, ಇನ್ನೊಂದು ಕಾಲು ಎತ್ತಿಕೊಂಡು ಸೊಂಟ ಮೇಲೆ ಕೆಳಗೆ ಮಾಡಲಿ. ಬಲಗಾಲಿನಲ್ಲಿ ಎಷ್ಟು ಸಲ ಆಗುತ್ತದೆ, ಎಡಗಾಲಿನಲ್ಲಿ ಎಷ್ಟು ಅಂತ ಎಣಿಸಿ. ಬಲಗಾಲಿನ ಶೇ. 90ರಷ್ಟಾದರೂ ಎಡಗಾಲಿನಲ್ಲಿ ಬರಬೇಕು. ಬರದಿದ್ದರೆ ಅಲ್ಲಿಂದಲೇ ಕೆಲಸ ಶುರು. ಅದರ ಜೊತೆ ನಾರ್ಡಿಕ್ ಕರ್ಲ್. ಮಂಡಿಯೂರಿ ಕುಳಿತು, ಹಿಮ್ಮಡಿಗಳನ್ನು ಯಾರಾದರೂ ಹಿಡಿದುಕೊಂಡು, ಬೆನ್ನು ನೇರ ಇಟ್ಟು ನಿಧಾನವಾಗಿ ಮುಂದಕ್ಕೆ ಬಾಗುವ ವ್ಯಾಯಾಮ. ಸ್ನಾಯು ಉದ್ದವಾಗುತ್ತಲೇ ಬಲ ಹಾಕುವುದನ್ನು ಇದು ಕಲಿಸುತ್ತದೆ. ವಾರಕ್ಕೆ ಎರಡು ದಿನ, ಶುರುವಿಗೆ ಐದಾರು ಸಲ ಸಾಕು. ಮೊದಲ ವಾರ ಮೈಕೈ ನೋವು ಬರುತ್ತದೆ, ಅದಕ್ಕೆ ಗಾಬರಿ ಬೇಡ. ಫಾರ್ಮ್ ಬಂದ ಮೇಲೂ ಸೀಸನ್ ಪೂರ್ತಿ ಬಿಡಬಾರದು.

ಓಟವನ್ನು ವಾರದಿಂದ ವಾರಕ್ಕೆ ಏರಿಸಿ. ಮುಕ್ಕಾಲು ವೇಗದಿಂದ ಶುರು ಮಾಡಿ, ಪೂರ್ತಿ ವೇಗಕ್ಕೆ ಬರಲಿ. ಆಮೇಲೆ ಪ್ಯಾಡ್ ಕಟ್ಟಿಕೊಂಡು, ಬ್ಯಾಟ್ ಹಿಡಿದು, ಎರಡು ಮತ್ತು ಮೂರು ರನ್ ಓಡುವುದು. ತಿರುಗುವಾಗ ಎಡಗಾಲಿನ ಮೇಲೂ ತಿರುಗಬೇಕು. ಹೆಚ್ಚಿನವರು ನೋವಾದ ಕಾಲಿನ ಮೇಲೆ ತಿರುಗುವುದನ್ನು ತಪ್ಪಿಸಿಕೊಳ್ಳುತ್ತಾರೆ.

ನೆಟ್ಸ್‌ನಲ್ಲಿ ಗಂಟೆ ಲೆಕ್ಕ ಬೇಡ, ಓಡಿ ಬಂದು ಬೌಲ್ ಮಾಡಿದವರ ಎಷ್ಟು ಎಸೆತ ಆಡಿದ ಅನ್ನುವ ಲೆಕ್ಕ ಇರಲಿ. ಗುಡ್ ಲೆಂಗ್ತ್‌ನಲ್ಲಿ ಸುಣ್ಣದ ಗೆರೆ ಎಳೆದು, ಅದಕ್ಕಿಂತ ಬ್ಯಾಟ್ಸ್‌ಮನ್‌ಗೆ ಹತ್ತಿರ ಬಿದ್ದ ಪ್ರತಿ ಚೆಂಡಿಗೂ ಮುಂಗಾಲು ಪೂರ್ತಿ ಚಾಚಬೇಕು ಅಂತ ನಿಯಮ ಮಾಡಿ. ಕ್ಲಬ್ಬಿನ ನಾಯಕನ ಹತ್ತಿರ ಮಾತಾಡಿ, ಕೆಲವು ಪಂದ್ಯ ಅವನನ್ನು ನಾಲ್ಕು ಅಥವಾ ಐದರಲ್ಲಿ ಇಳಿಸಲು ಕೇಳಿ. ಓಪನರ್ ಅನ್ನುವ ಹೆಸರು ಬಿಡಲು ಅವನಿಗೆ ಬೇಸರವಾಗುತ್ತದೆ, ಅದು ನನಗೆ ಅರ್ಥವಾಗುತ್ತದೆ. ರಾಹುಲ್ ಮಧ್ಯಮ ಕ್ರಮಾಂಕದಲ್ಲಿ ಮಾಡಿದ್ದನ್ನು ನೆನಪಿಸಿ.

ಮನೆಯಲ್ಲಿ ಒಂದು ಸಹಾಯ ಮಾಡಿ. ಪಂದ್ಯ ಮುಗಿಸಿ ಬಂದವನನ್ನು 'ಎಷ್ಟು ಹೊಡೆದೆ' ಅಂತ ಕೇಳಬೇಡಿ. 'ಎರಡು ರನ್ ಎಷ್ಟು ಸಲ ಓಡಿದೆ' ಅಂತ ಕೇಳಿ. ಅವನು ಹೌದು, ಭಯ ಇದೆ ಅಂತ ಹೇಳಿದರೆ ಅದನ್ನೂ ಕೇಳಿಸಿಕೊಳ್ಳಿ. ಅಭ್ಯಾಸದಲ್ಲಿ ಪೂರ್ತಿ ವೇಗ ಮುಟ್ಟಿದ ದಿನದಿಂದ ಆ ಭಯ ಕಡಿಮೆಯಾಗುತ್ತಾ ಬರುತ್ತದೆ.

ಇವು ಕಂಡರೆ ಮಾತ್ರ ವ್ಯಾಯಾಮ ನಿಲ್ಲಿಸಿ ಮತ್ತೆ ಡಾಕ್ಟರ್ ಹತ್ತಿರ ಹೋಗಿ: ಗಟ್ಟಿ ಕುರ್ಚಿಯಲ್ಲಿ ಕೂತಾಗ ಕುಂಡೆಯ ಕೆಳಗೆ ನೋವು, ಕಾಲಿನ ಉದ್ದಕ್ಕೂ ಜುಮುಜುಮು, ರಾತ್ರಿ ನಿದ್ದೆ ಕೆಡಿಸುವ ನೋವು. ಕೆಲವು ಸಲ ಹ್ಯಾಮ್‌ಸ್ಟ್ರಿಂಗ್ ಅಂದುಕೊಂಡ ನೋವಿನ ಮೂಲ ಸೊಂಟದಲ್ಲಿರುತ್ತದೆ. ಎಣ್ಣೆ ಹಚ್ಚಿ ಜೋರಾಗಿ ತಿಕ್ಕಿಸುವುದು ಬೇಡ.

ನನಗೆ ಎರಡು ವಿಡಿಯೋ ಬೇಕು. ಈಗಿನ ಟೂರ್ನಿಗಳೆಲ್ಲ ಯೂಟ್ಯೂಬ್‌ನಲ್ಲಿ ಲೈವ್ ಬರುತ್ತವಲ್ಲ, ಏಪ್ರಿಲ್‌ಗಿಂತ ಮೊದಲಿನ ಅವನ ಬ್ಯಾಟಿಂಗ್ ಎಲ್ಲಾದರೂ ಸಿಗುತ್ತದೆ, ಹುಡುಕಿ. ಲೆದರ್ ಬಾಲ್‌ನದು ಸಿಕ್ಕಿದರೆ ಇನ್ನೂ ಒಳ್ಳೆಯದು. ಎರಡನೆಯದನ್ನು ಈ ವಾರ ನೆಟ್ಸ್‌ನಲ್ಲಿ ಪಾಯಿಂಟ್ ಕಡೆಯಿಂದ, ಅಂದರೆ ಅವನ ಎದೆಗೆ ಎದುರಾದ ಪಕ್ಕದಿಂದ, ಮುಂಗಾಲೂ ಕ್ರೀಸಿನ ಗೆರೆಯೂ ಕಾಣುವಂತೆ ಮೊಬೈಲ್‌ನಲ್ಲಿ ತೆಗೆಯಿರಿ. ಎರಡನ್ನೂ ಅಕ್ಕಪಕ್ಕ ಇಟ್ಟು ಹೆಜ್ಜೆಯ ಉದ್ದ ಅಳೆದು ನೋಡೋಣ. ವ್ಯತ್ಯಾಸ ಕಂಡರೆ ಮೇಲೆ ಹೇಳಿದ್ದನ್ನು ಎಂಟು ವಾರ ಮಾಡಲಿ. ಹೆಜ್ಜೆ ಮೊದಲಿನಷ್ಟೇ ಇದ್ದರೆ ಕಾರಣ ಬೇರೆಲ್ಲೋ ಇದೆ, ಆಗ ಅವನನ್ನೇ ಕರೆದುಕೊಂಡು ಬನ್ನಿ.